ಹೊಸ ಕೋಚ್ ಬಂದ್ರು, ಚಲೋ ಆತು. ನಮ್ಮ ಓಣಿಗೆ ಯಾವಾಗ?



ಒಂದು ವಾರದಿಂದ ಎಲ್ಲರ ಬಾಯಲ್ಲೂ ಆರು-ಆರು-ಐದರ ಲೆಕ್ಕ. ಒಳಮೀಸಲಾತಿ ಬಗ್ಗೆ ನಾನೂ ಬರೆಯೋದಿದೆ, ಬರೀತೀನಿ. ಇವತ್ತು ಮಾತ್ರ ಕಬಡ್ಡಿ. "ಏನಣ್ಣಾ, ಹೋರಾಟ ಬಿಟ್ಟು ಮ್ಯಾಚಿನ ಬೆನ್ನು ಹತ್ತಿದ್ರಲ್ಲ" ಅಂತ ಕೆಲವರು ಅಂತೀರಿ, ಗೊತ್ತು. ಪೂರಾ ಓದ್ರಿ, ಆಮ್ಯಾಲೆ ಬೈರಿ. ಸ್ವಲ್ಪ ಉದ್ದ ಆಗೇತಿ.

ಇದೇ ಶುಕ್ರವಾರ, 2025ರ ಆಗಸ್ಟ್ 29ಕ್ಕೆ, ಪ್ರೊ ಕಬಡ್ಡಿಯ 12ನೇ ಸೀಸನ್ ವಿಶಾಖಪಟ್ಟಣದಲ್ಲಿ ಶುರುವಾಗ್ತದೆ. ಮೊದಲ ದಿನವೇ ನಮ್ಮ ಬೆಂಗಳೂರು ಬುಲ್ಸ್ ಅಂಗಳಕ್ಕೆ ಇಳೀತದೆ. ಎದುರಿಗೆ ಪುಣೇರಿ ಪಲ್ಟನ್.

ನಿನ್ನೆ ಭಾನುವಾರ ಸಂಘಟನೆ ಕೆಲಸಕ್ಕೆ ಬ್ಯಾಡಗಿಗೆ ಹೋಗಿದ್ದೆ. ಸಭೆ ಮುಗಿಸಿ ಮಾರ್ಕೆಟ್ ಹತ್ತಿರ ಒಂದು ಚಹಾದಂಗಡಿಯಲ್ಲಿ ಕೂತಿದ್ವಿ. ಸೀಸನ್ನಿನಲ್ಲಿ ಸೋಮವಾರ, ಗುರುವಾರ ಆದ್ರೆ ಅಲ್ಲಿ ಮೆಣಸಿನಕಾಯಿ ಘಾಟಿಗೆ ಕೂತು ಮಾತಾಡೋಕೇ ಆಗಲ್ಲ. ನಿನ್ನೆ ಖಾಲಿ ಇತ್ತು. ಪಕ್ಕದಲ್ಲಿ ನಮ್ಮ ಓಣಿಯ ಐದಾರು ಹುಡುಗರು ಒಂದೇ ಮೊಬೈಲಿಗೆ ತಲೆ ಹಚ್ಚಿ ಕೂತಿದ್ರು. ಹಮಾಲಿ ಮಾಡೋರ ಮಕ್ಕಳು, ಒಬ್ಬಿಬ್ಬರು ತಾವೇ ಚೀಲ ಹೊರೋರು. ನನ್ನ ನೋಡಿ ಒಬ್ಬ ಅಂದ:

"ಅಣ್ಣಾರ, ಈ ಸಲ ಕಪ್ ನಮ್ದೇ ನೋಡ್ರಿ. ರಮೇಶ್ ಸರ್ ಬಂದಾರ."

ಜೂನ್‌ನಲ್ಲಿ ಆರ್‌ಸಿಬಿ ಗೆದ್ದ ಮೇಲೆ ಆ ಮಾತಿಗೆ ಒಂದು ಬಲ ಬಂದುಬಿಟ್ಟಿದೆ. ಹದಿನೆಂಟು ವರ್ಷ ನಗೆಚಾಟಿಕೆ ಆಗಿದ್ದ ಮಾತು ಒಂದು ರಾತ್ರಿಯಲ್ಲಿ ನಿಜ ಆಯ್ತಲ್ಲ. ಈಗ ಅದೇ ಮಾತು ಕಬಡ್ಡಿಗೆ ಬಂದಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಬುಲ್ಸ್ ತಂಡಕ್ಕೆ 2014ರ ಮೊದಲ ಸೀಸನ್ನಿನಿಂದ ಕಳೆದ ಸೀಸನ್ ತನಕ ರಣಧೀರ್ ಸಿಂಗ್ ಸೆಹ್ರಾವತ್ ಅವರೇ ಕೋಚ್. ಅವರ ಕಾಲದಲ್ಲೇ 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಗೆದ್ದದ್ದು. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ ರಾತ್ರಿ ಅದು. ಆಮೇಲೆ ಇಳಿಜಾರು. ಕಳೆದ ಸೀಸನ್ನಿನಲ್ಲಿ 22 ಪಂದ್ಯ ಆಡಿ ಗೆದ್ದದ್ದು ಎರಡೇ ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಜಾಗ. ಪ್ರದೀಪ್ ನರ್ವಾಲ್‌ನಂಥ ದೊಡ್ಡ ಹೆಸರು ತಂದಿಟ್ಟರೂ ಏನೂ ಆಗಲಿಲ್ಲ.

ಈಗ ಬಿ.ಸಿ. ರಮೇಶ್ ಬಂದಿದ್ದಾರೆ. ನಮ್ಮದೇ ರಾಜ್ಯದವರು, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಬುಲ್ಸ್ ಕಪ್ ಗೆದ್ದಾಗ ಅವರೂ ತರಬೇತಿ ತಂಡದಲ್ಲಿದ್ದರು. ಮುಂದಿನ ಸೀಸನ್ನಿಗೇ ಬೆಂಗಾಲ್ ವಾರಿಯರ್ಸ್‌ಗೆ ಹೋಗಿ ಅವರಿಗೆ ಕಪ್ ಕೊಡಿಸಿದರು. ಆಮೇಲೆ ಪುಣೇರಿ ಪಲ್ಟನ್. 2024ರ ಮಾರ್ಚ್ 1ರಂದು ಹರಿಯಾಣವನ್ನು 28-25ರಿಂದ ಸೋಲಿಸಿ ಅಲ್ಲಿಯೂ ಕಪ್. ಅಂದ್ರೆ ಶುಕ್ರವಾರ ಅವರ ಎದುರು ನಿಲ್ಲೋದು ಅವರೇ ಕಟ್ಟಿದ ತಂಡ. ಪಲ್ಟನ್ ಗೆದ್ದದ್ದು ದೊಡ್ಡ ರೊಕ್ಕದ ಹೆಸರುಗಳಿಂದಲ್ಲ, ಅಲ್ಲೇ ಬೆಳೆಸಿದ ಎಳೆ ಹುಡುಗರಿಂದ. ಅಭಿಮಾನಿಗಳ ಆಸೆ ಇರೋದು ಅಲ್ಲಿ. ಈ ಸಲ ಬುಲ್ಸ್ ಪಟ್ಟಿ ನೋಡಿದರೆ ಹಳೇ ಹುಲಿಗಳು ಕಡಿಮೆ. ಆಕಾಶ್ ಶಿಂಧೆ, ಯೋಗೇಶ್ ದಹಿಯಾನಂಥ ಹುಡುಗರು. ಜೊತೆಗೆ ಗಣೇಶ ಹನಮಂತಗೋಳ ಅನ್ನೋ ರೈಡರ್. ಆ ಹೆಸರು ಬಂದ ಕೂಡಲೇ ಬ್ಯಾಡಗಿ ಹುಡುಗರ ಮುಖ ಅರಳಿತು. "ನಮ್ಮ ಕಡೆ ಹೆಸರು ರೀ ಅಣ್ಣಾರ!" ಇಷ್ಟು ವರ್ಷ ಬೆಂಗಳೂರು ಅಂತ ಬೋರ್ಡ್ ಹಾಕ್ಕೊಂಡ ತಂಡದಲ್ಲಿ ಹರಿಯಾಣದ ಹುಡುಗರಿಗೇ ಚಪ್ಪಾಳೆ ಹೊಡೆದವರು ನಾವು. ಉತ್ತರ ಕರ್ನಾಟಕದ ಹೆಸರೊಂದು ಆ ಅಂಗಿಯ ಮೇಲೆ ಬಂದ್ರೆ ಸಂತೋಷ ಆಗೋದು ಸಹಜ. ನನಗೂ ಆಯ್ತು.

ಹೊಸ ಕೋಚ್, ಎಳೆ ರೈಡರ್. ಸೋತು ಸುಣ್ಣ ಆದ ತಂಡದ ಅಭಿಮಾನಿಗೆ ಇನ್ನೇನು ಬೇಕು?

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಹುಡುಗ, ಮೈಕಟ್ಟು ನೋಡಿದ್ರೇ ಆಡೋನು ಅಂತ ಗೊತ್ತಾಗ್ತದೆ, ಮೊಬೈಲಿಂದ ತಲೆ ಎತ್ತದೇ ಅಂದ:

"ಅವರಿಗೆ ಕೋಚ್ ಬಂದ್ರು. ನಮಗ ಯಾರ ಬರ್ತಾರ?"

ಯಾರೂ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಹಾವೇರಿಗೆ ವಾಪಸ್ ಬರೋತನಕ ಅದೇ ಮಾತು ತಲೆಯಲ್ಲಿ. ಅದಕ್ಕೇ ಈ ಪೋಸ್ಟ್.

*

ಕೋಚ್ ಅಂದ್ರೆ ಏನು ಮಾಡ್ತಾನೆ? ಟಿವಿಯಲ್ಲಿ ನೋಡಿದ್ರೆ ಗೆರೆ ಆಚೆ ನಿಂತು ಕೂಗಾಡ್ತಾನೆ, ಟೈಮ್ ಔಟ್ ತಗೋತಾನೆ, ಅಷ್ಟೇ ಅನ್ನಿಸ್ತದೆ. ನನಗೆ ಕೋಚ್ ಅಂದ್ರೆ ಏನು ಅಂತ ಗೊತ್ತಾಗಿದ್ದು ಒಂಬತ್ತನೇ ಕ್ಲಾಸಿನಲ್ಲಿ. ಆಗ ನಾವಿನ್ನೂ ಧಾರವಾಡ ಜಿಲ್ಲೆಯವರು. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ.

ನಾನು ಸಣಕಲು ಹುಡುಗ, ಆದರೆ ಓಟ ಜೋರಿತ್ತು. ಶಾಲೆಯ ಮೈದಾನದಲ್ಲಿ ಕಬಡ್ಡಿ ಆಡುವಾಗ ನನ್ನನ್ನು ಯಾರೂ ಹಿಡಿಯೋಕೆ ಆಗ್ತಿರಲಿಲ್ಲ. ಹೋದೆ, ಒಬ್ಬನನ್ನ ಮುಟ್ಟಿದೆ, ಬಂದೆ. ಹೋದೆ, ಮುಟ್ಟಿದೆ, ಬಂದೆ. ನಾನು ದೊಡ್ಡ ಆಟಗಾರ ಅಂತ ತಿಳ್ಕೊಂಡಿದ್ದೆ. ಅವ್ವನ ಮುಂದೂ ಹೇಳಿದ್ದೆ, "ನನ್ನ ಯಾರೂ ಹಿಡಿಯಂಗಿಲ್ಲ ಬೇ" ಅಂತ.

ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೋದ್ವಿ. ಎದುರಿನ ಶಾಲೆಯವರಿಗೆ ನಾನ್ಯಾರು, ಯಾವ ಓಣಿಯವನು ಗೊತ್ತಿಲ್ಲ. ಮೊದಲ ರೈಡಿಗೇ ಒಬ್ಬ ಕಾಲು ಹಿಡಿದ, ಇಬ್ಬರು ಮೈಮೇಲೆ ಬಿದ್ದರು. ಉಸಿರು ಕಟ್ಟಿಹೋಯ್ತು. ಎರಡನೇ ಸಲ ಹೋದೆ, ಅದೇ ಕಥೆ. ಅಳು ಬಂತು.

ನಮ್ಮ ಪಿ.ಟಿ. ಸರ್ ಆ ವರ್ಷವಷ್ಟೇ ಬಂದವರು. ಹತ್ತಿರ ಕರೆದು ಮೆಲ್ಲಗೆ ಅಂದರು: "ಇವತ್ತ ನಿನ್ನ ಮೊದಲ ಸಲ ಹಿಡದಾರ. ಅಲ್ಲಿ ನಮ್ಮ ಹುಡುಗ್ರು ನಿನ್ನ ಹಿಡೀತಿರಲಿಲ್ಲ."

ಹದಿನೈದು ವರ್ಷದ ನನಗೆ ಆ ಮಾತು ತಲೆಗೆ ಇಳಿಯೋಕೆ ಸ್ವಲ್ಪ ಹೊತ್ತು ಬೇಕಾಯ್ತು. ನನ್ನ ಶಾಲೆಯ ಮೈದಾನದಲ್ಲಿ ನಾನು ಚುರುಕಿದ್ದೆ ಅಂತಲ್ಲ ಅವರು ಹಿಡಿಯದೇ ಇದ್ದದ್ದು. ಮೈ ಮುಟ್ಟಿ ಅಪ್ಪಿ ಹಿಡಿಯೋದು ಬೇಡ ಅಂತ ಬಿಟ್ಟು ಬಿಡ್ತಿದ್ದರು. ಒಂದು ಪಾಯಿಂಟ್ ಹೋದರೆ ಹೋಗಲಿ ಅಂತ. ನಾನು ಗೆದ್ದೆ ಅಂದುಕೊಂಡಿದ್ದ ಒಂದೊಂದು ರೈಡೂ ಅದೇ.

ಮರುದಿನ ಸರ್ ಮೈದಾನದಲ್ಲಿ ಭಾಷಣ ಏನೂ ಮಾಡಲಿಲ್ಲ. ಜಾತಿ ಅನ್ನೋ ಪದವನ್ನೇ ಎತ್ತಲಿಲ್ಲ. ನನ್ನನ್ನ ನಡುವೆ ನಿಲ್ಲಿಸಿ, "ಇವತ್ತು ಆಂಕಲ್ ಹೋಲ್ಡ್ ಕಲಿಯೋದು" ಅಂದರು. ತಾವೇ ನೆಲಕ್ಕೆ ಕೂತು ನನ್ನ ಪಾದ ಹಿಡಿದರು. ಹಿಂಗ, ಎರಡೂ ಕೈಯಿಂದ, ಎದೆಗೆ ಹಚ್ಚಿ ಹಿಡೀಬೇಕು ಅಂತ ತೋರಿಸಿದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಹಿಡಿಸಿದರು. ಊರ ದೊಡ್ಡವರ ಮಕ್ಕಳು ನನ್ನ ಕಾಲು ಹಿಡಿದು ಮಣ್ಣಲ್ಲಿ ಹೊರಳಾಡಿದರು. ಹಿಡಿಯದವನು ತಂಡದಲ್ಲಿ ಇಲ್ಲ, ಅಷ್ಟೇ ಕಾನೂನು. ಇಬ್ಬರು ಬಿಟ್ಟು ಹೋದರು. ಅವರಲ್ಲಿ ಒಬ್ಬ ವಾರ ಬಿಟ್ಟು ವಾಪಸ್ ಬಂದ.

ಆ ವರ್ಷ ನಾನು ನಿಜವಾಗಿ ಆಟ ಕಲಿತೆ. ದಿನಾ ಮೈ ತರಚಿಕೊಂಡು ಮನೆಗೆ ಹೋಗ್ತಿದ್ದೆ. ಅಷ್ಟು ಖುಷಿ ಮತ್ಯಾವಾಗಲೂ ಆಗಿಲ್ಲ.

ಮುಂದಿನ ವರ್ಷ ಸರ್‌ಗೆ ವರ್ಗಾವಣೆ. ಆ ಜಾಗಕ್ಕೆ ನಾನು ಶಾಲೆ ಬಿಡೋ ತನಕ ಯಾರೂ ಬರಲಿಲ್ಲ. ಪಿ.ಟಿ. ಪೀರಿಯಡ್ಡಿನಲ್ಲಿ ಗಣಿತ ಮಾಡಿದರು. ನಾನು ಬಿ.ಎ. ಮಾಡಿ ಕಚೇರಿಯಲ್ಲಿ ಕಡತ ತಿರುವೋ ಕೆಲಸಕ್ಕೆ ಬಂದೆ. ಅದೃಷ್ಟ ಇದ್ದಿದ್ರೆ ದೊಡ್ಡ ಆಟಗಾರ ಆಗ್ತಿದ್ದೆ ಅಂತ ಹೇಳೋಕೆ ಹೊರಟಿಲ್ಲ, ಆಗ್ತಿರಲಿಲ್ಲವೇನೋ. ಆದರೆ ಕೋಚ್ ಅನ್ನೋ ಒಬ್ಬ ಮನುಷ್ಯ ಒಂದು ವರ್ಷದಲ್ಲಿ ಏನು ಮಾಡಬಲ್ಲ ಅಂತ ನನ್ನ ಮೈಗೆ ಗೊತ್ತಿದೆ.

*

"ಆಟದಾಗ ಜಾತಿ ತರಬ್ಯಾಡೋ ಮಾರಾಯಾ" ಅಂತ ಕಚೇರಿಯಲ್ಲಿ ಒಬ್ಬ ಗೆಳೆಯ ಯಾವಾಗಲೂ ಅಂತಾನೆ. ಒಳ್ಳೆಯವನೇ. ಅವನಿಗೆ ನಾನು ಹೇಳೋದು ಇಷ್ಟೇ: ನಾನು ತರಲಿಲ್ಲಪ್ಪ, ನಾನು ಬರೋ ಮೊದಲೇ ಅದು ಅಂಗಳದಲ್ಲಿ ನಿಂತಿತ್ತು.

ನಮ್ಮ ದೇಶದಲ್ಲಿ ಒಳ್ಳೆಯ ಕೋಚ್‌ಗೆ ಕೊಡೋ ಪ್ರಶಸ್ತಿಯ ಹೆಸರು ಏನು? ದ್ರೋಣಾಚಾರ್ಯ. 1985ರಿಂದ ಕೊಡ್ತಾ ಬಂದಿದ್ದಾರೆ. ನಮ್ಮ ರಾಜ್ಯದಲ್ಲಿ ಒಳ್ಳೆಯ ಆಟಗಾರನಿಗೆ ಕೊಡೋ ಪ್ರಶಸ್ತಿಯ ಹೆಸರು? ಏಕಲವ್ಯ. ಎರಡನ್ನೂ ಒಟ್ಟಿಗೆ ಇಟ್ಟು ನೋಡ್ರಿ. ಹೆಬ್ಬೆರಳು ಕೇಳಿದವನ ಹೆಸರಲ್ಲಿ ಗುರುವಿಗೆ ಹಾರ, ಹೆಬ್ಬೆರಳು ಕೊಟ್ಟವನ ಹೆಸರಲ್ಲಿ ಶಿಷ್ಯನಿಗೆ ಹಾರ. ಯಾರೂ ಬೇಕಂತಲೇ ಇಟ್ಟ ಹೆಸರುಗಳಲ್ಲ ಇರಬಹುದು. ಬೇಕಂತಲೇ ಅಲ್ಲದೆ ಇಟ್ಟರಲ್ಲ, ಅದೇ ನನಗೆ ಹೆಚ್ಚು ಚಿಂತೆ.

ಇನ್ನೊಂದು ಹೆಸರು ನೆನಪಿಸ್ತೀನಿ. ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಪಲ್ವಣಕರ್ ಬಾಳೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಚಮ್ಮಾರರ ಮನೆಯ ಮಗ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಕೆಲಸ: ಪಿಚ್ ಉರುಳಿಸೋದು, ನೆಟ್ ಕಟ್ಟೋದು, ಸಾಹೇಬರಿಗೆ ಬೌಲಿಂಗ್ ಹಾಕೋದು. ಬೌಲಿಂಗ್ ಅಷ್ಟೇ, ಬ್ಯಾಟು ಅವನ ಕೈಗೆ ಬರ್ತಿರಲಿಲ್ಲ. ಬೆವರು ಹರಿಸೋ ಕೆಲಸ ಒಬ್ಬರಿಗೆ, ನಿಂತು ಹೊಡೆಯೋ ಕೆಲಸ ಇನ್ನೊಬ್ಬರಿಗೆ.

ಆ ಬೌಲಿಂಗ್ ನೋಡಿ ಹಿಂದೂ ತಂಡದವರು ಅವನನ್ನ ಸೇರಿಸಿಕೊಂಡರು, ಯಾಕಂದ್ರೆ ಬಿಳಿಯರನ್ನ ಸೋಲಿಸಬೇಕಿತ್ತು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನ ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಅವನು ಪೆವಿಲಿಯನ್ ಹೊರಗೆ, ಕೈಯಲ್ಲಿ ಮಣ್ಣಿನ ಕುಡಿಕೆ. ಕುಡಿದು ಒಡೆದು ಹಾಕೋದು. 1911ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ಈ ಮನುಷ್ಯ 114 ವಿಕೆಟ್ ತೆಗೆದ. ದೇಶದ ಅತ್ಯುತ್ತಮ ಬೌಲರ್ ಅಂತ ಎಲ್ಲರೂ ಒಪ್ಪಿದರು. ಆದರೆ ಬಾಂಬೆಯ ಹಿಂದೂ ತಂಡದ ನಾಯಕ? ಅದು ಮಾತ್ರ ಆಗಲಿಲ್ಲ. ವರ್ಷ ವರ್ಷವೂ ಅವನ ಅಭಿಮಾನಿಗಳು ಆಸೆಯಿಂದ ಕಾದರು, ವರ್ಷ ವರ್ಷವೂ ಬೇರೆ ಹೆಸರು ಬಂತು. ಕೊನೆಗೆ ತಮ್ಮಂದಿರು ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತರು, ಪತ್ರಿಕೆಗಳಲ್ಲಿ ಚರ್ಚೆ ಆಯ್ತು, ಒತ್ತಡ ಬಂತು. 1923ರಲ್ಲಿ ತಮ್ಮ ವಿಠ್ಠಲ ನಾಯಕನಾದ.

ಇದರಿಂದ ಕಲಿಯೋದು ಎರಡಿದೆ. ಒಂದು, ಆ ನಾಯಕತ್ವ ಪ್ರತಿಭೆಯಿಂದ ಮಾತ್ರ ಬರಲಿಲ್ಲ. ಪ್ರತಿಭೆ ಇಪ್ಪತ್ತು ವರ್ಷದಿಂದ ಎದುರಿಗೇ ಇತ್ತು. ಆಡೋದಿಲ್ಲ ಹೋಗ್ರಿ ಅಂತ ಎದ್ದು ನಿಂತಾಗ ಬಂತು.

ಎರಡು, ನಮಗೇ ನೋವಾಗೋ ಮಾತು. ಒಂದು ಕಾಲಕ್ಕೆ ಬಾಬಾಸಾಹೇಬರೇ ಬಾಳೂವಿಗೆ ಸನ್ಮಾನ ಮಾಡಿಸಿದ್ದರು. ಅದೇ ಬಾಳೂ ಪುಣೆ ಒಪ್ಪಂದದ ಹೊತ್ತಿಗೆ ಆ ಕಡೆ ನಿಂತ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವನನ್ನ ಬಾಬಾಸಾಹೇಬರ ವಿರುದ್ಧವೇ ನಿಲ್ಲಿಸಿತು. ಸೋತ. ಅವನ ಹೆಸರು ಅವನ ಜನರ ಕೆಲಸಕ್ಕೆ ಬರೋ ಬದಲು ಬೇರೆಯವರ ಕೆಲಸಕ್ಕೆ ಬಂತು. ಅವನನ್ನ ಬೈಯೋಕೆ ಇದನ್ನ ಬರೀತಿಲ್ಲ. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದವನಿಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಒಬ್ಬ ಹೀರೋ ಮೇಲೆ ಹೋದ ಮಾತ್ರಕ್ಕೆ ಓಣಿ ಮೇಲೆ ಹೋಗೋದಿಲ್ಲ, ಅಷ್ಟೇ ನಾನು ಹೇಳೋದು.

*

ಇಲ್ಲಿ ಕಬಡ್ಡಿಗೆ ವಾಪಸ್ ಬರ್ತೀನಿ. ಈ ಆಟದ ಒಂದು ನಿಯಮ ನನಗೆ ಬಹಳ ಇಷ್ಟ.

ಕ್ರಿಕೆಟ್ಟಿನಲ್ಲಿ ಔಟ್ ಆದವನು ಔಟ್. ಕಬಡ್ಡಿಯಲ್ಲಿ ಹಾಗಲ್ಲ. ನಮ್ಮ ಕಡೆಯ ನಾಲ್ಕು ಮಂದಿ ಔಟಾಗಿ ಹೊರಗೆ ಕೂತಿದ್ದಾರೆ ಅಂತ ಇಟ್ಕೊಳ್ರಿ. ಉಳಿದವನು ಒಬ್ಬ ರೈಡಿಗೆ ಹೋಗಿ ಒಬ್ಬನನ್ನ ಮುಟ್ಟಿ ಬಂದರೆ, ಹೊರಗೆ ಕೂತವರಲ್ಲಿ ಒಬ್ಬ ಎದ್ದು ಒಳಗೆ ಬರ್ತಾನೆ. ಇಬ್ಬರನ್ನ ಮುಟ್ಟಿದರೆ ಇಬ್ಬರು. ಅದೂ ಸರದಿ ಪ್ರಕಾರ: ಯಾರು ಮೊದಲು ಹೊರಗೆ ಹೋಗಿದ್ದನೋ ಅವನೇ ಮೊದಲು ಒಳಗೆ. ನಮ್ಮ ಹಳ್ಳಿಯಲ್ಲಿ ಇದಕ್ಕೆ "ಜೀವ ಬಂತು" ಅಂತಿದ್ವಿ.

ಅದಕ್ಕೇ ರೈಡರ್ ಅಂದ್ರೆ ಇಡೀ ತಂಡಕ್ಕೆ ಅಷ್ಟು ಆಸೆ. ಅವನು ತರೋದು ಬರೀ ಪಾಯಿಂಟ್ ಅಲ್ಲ. ಹೊರಗೆ ಕೂತವನಿಗೆ ಜೀವ.

ಇನ್ನೊಂದು. ಈ ಆಟ ನಡೆಯೋದೇ ಮುಟ್ಟೋದರಿಂದ. ಮುಟ್ಟಿದರೆ ಪಾಯಿಂಟ್. ಹಿಡಿದರೆ ಪಾಯಿಂಟ್. ಮುಟ್ಟೋಕೆ ಹಿಂಜರಿಯೋ ಸಮಾಜದಲ್ಲಿ ಇಂಥದೊಂದು ಆಟ ಹೇಗೆ ಉಳೀತು ಅಂತ ನನಗೆ ಎಷ್ಟೋ ಸಲ ಆಶ್ಚರ್ಯ ಆಗಿದೆ. ಹಿಡಿಯೋದನ್ನೇ ಬಿಟ್ಟು ಉಳಿಸಿಕೊಂಡಿದ್ದರು, ನನ್ನ ವಿಷಯದಲ್ಲಿ ಮಾಡಿದ ಹಾಗೆ.

ಹಾಗಾದರೆ ಟಿವಿಯ ರೈಡರ್ ಒಬ್ಬ ಕೋಟಿ ರೂಪಾಯಿಗೆ ಹರಾಜಾದ ದಿನ, ಬ್ಯಾಡಗಿಯ ನಮ್ಮ ಹುಡುಗನಿಗೆ ಏನು ಜೀವ ಬಂತು? ಈ ಸಲದ ಹರಾಜಿನಲ್ಲಿ ಇರಾನಿನ ಶಾದ್ಲೂಯಿಗೆ ಎರಡು ಕೋಟಿಗೂ ಮೇಲೆ ಕೊಟ್ಟರು, ನಮ್ಮ ದೇಶದ ದೇವಾಂಕ್ ದಲಾಲ್‌ಗೂ ಎರಡು ಕೋಟಿಗೂ ಮೇಲೆ. ಸಂತೋಷ. ಮೈ ದುಡಿಸಿ ದುಡಿದ ರೊಕ್ಕ, ಅವರಿಗೆ ಸಿಗಲಿ. ಇಲ್ಲಿ ಹುಡುಗ ಗಣಪತಿ ಹಬ್ಬಕ್ಕೆ, ಜಾತ್ರೆಗೆ ನಡೆಯೋ ಹೊನಲು ಬೆಳಕಿನ ಪಂದ್ಯಾವಳಿಗೆ ಕಾಯ್ತಾನೆ. ಐದಾರು ಮಂದಿ ಸೇರಿ ಪ್ರವೇಶ ಶುಲ್ಕ ಕೂಡಿಸ್ತಾರೆ. ಮಣ್ಣಿನಲ್ಲಿ ಆಡಿ ಕಲಿತ ಕಾಲು. ಜಿಲ್ಲಾ ಮಟ್ಟಕ್ಕೆ ಹೋದರೆ ಮ್ಯಾಟ್. ಮ್ಯಾಟ್ ಮೇಲೆ ಬರಿಗಾಲಲ್ಲಿ ಆಡೋಕೆ ಆಗಲ್ಲ, ಬೂಟು ಬೇಕು. ಕಾಲು ಜಾರ್ತದೆ, ಮಂಡಿ ತಿರುಗ್ತದೆ. ಮಂಡಿ ಹೋದ್ರೆ ಹಮಾಲಿಯೂ ಹೋಯ್ತು. ರಾಣೇಬೆನ್ನೂರಿನಲ್ಲಿ ನನಗೆ ಗೊತ್ತಿರೋ ಹುಡುಗನೊಬ್ಬ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗ್ತಾ ಆಡ್ತಿದ್ದ. ಒಂದು ಸಲ ಮಂಡಿ ತಿರುಗಿತು, ಎರಡು ತಿಂಗಳು ಮನೆಯಲ್ಲಿ. ಆಟ ಬಿಟ್ಟ. ಹೇಗೆ ಬೀಳಬೇಕು ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ. ಕೋಚ್ ಅಂದ್ರೆ ಕಪ್ ತರೋನು ಮಾತ್ರ ಅಲ್ಲ, ಬೀಳೋದು ಕಲಿಸೋನು.

ಹುಡುಗಿಯರ ಮಾತು ಇನ್ನೂ ಕಷ್ಟ. ಕರ್ನಾಟಕದ ತೇಜಸ್ವಿನಿ ಬಾಯಿಗೆ 2011ರಲ್ಲಿ, ಕಾರ್ಕಳ ಕಡೆಯ ಮಮತಾ ಪೂಜಾರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಹೆಣ್ಣುಮಕ್ಕಳ ಲೀಗು 2016ರಲ್ಲಿ ಒಂದು ಸಲ ಮಾಡಿದರು, ಬಿಟ್ಟರು. ಅವರನ್ನ ಬೈಯೋ ಮೊದಲು ನಮ್ಮ ಓಣಿ ನೋಡಿಕೊಳ್ಳೋಣ. ನಿನ್ನೆ ಆ ಮೊಬೈಲಿನ ಸುತ್ತ ಒಬ್ಬ ಹುಡುಗಿಯೂ ಇರಲಿಲ್ಲ. ಚಡ್ಡಿ ಹಾಕ್ಕೊಂಡು ಆಡೋದು ಬ್ಯಾಡ ಅಂತ ಹೇಳೋರು ಬೇರೆ ಓಣಿಯವರಲ್ಲ, ನಾವೇ. ನನ್ನ ಅಕ್ಕನ ಮಗಳನ್ನ ಎಂಟನೇ ಕ್ಲಾಸಿಗೆ ಆಟ ಬಿಡಿಸಿದಾಗ ನಾನೂ ಸುಮ್ಮನೆ ಕೂತಿದ್ದೆ. ಬಾಬಾಸಾಹೇಬರ ಫೋಟೋ ಗೋಡೆ ಮೇಲೆ ಇತ್ತು.

*

ಅಭಿಮಾನ ತಪ್ಪು ಅಂತ ನಾನು ಹೇಳಲ್ಲ. ವಾರ ಪೂರ್ತಿ ಚೀಲ ಹೊತ್ತವನಿಗೆ ರಾತ್ರಿ ಎಂಟಕ್ಕೆ ಒಂದು ಮ್ಯಾಚು, ನಮ್ಮವನು ಅನ್ನೋಕೆ ಒಬ್ಬ ರೈಡರ್, ಅದು ಅವನ ಹಕ್ಕು. ಆದರೆ ಜೂನ್ 4 ಮರೆಯಬ್ಯಾಡ್ರಿ. ಹಿಂದಿನ ರಾತ್ರಿ ಕಪ್ ಬಂತು, ಮರುದಿನ ಚಿನ್ನಸ್ವಾಮಿ ಗೇಟಿನ ಹತ್ತಿರ ಹನ್ನೊಂದು ಜೀವ ಹೋದವು. ಬಹುಪಾಲು ಎಳೆಯರು. ಅಭಿಮಾನಿ ಅಂದ್ರೆ ಲೆಕ್ಕಕ್ಕೆ ಒಂದು ತಲೆ, ಗೇಟಿಗೆ ಬಂದ ಮೇಲೆ ಒಂದು ಮೈ, ಅಷ್ಟೇ ಆಗಿಹೋದ. ಅವನು ನಾಗರಿಕ, ಅವನಿಗೂ ಕೇಳೋ ಬಾಯಿ ಇದೆ ಅಂತ ಯಾರೂ ಅಂದುಕೊಳ್ಳಲಿಲ್ಲ.

ಹಾಗಾದ್ರೆ ಏನು ಕೇಳೋದು? ಕಚೇರಿಯಲ್ಲಿ ಇರೋನು ನಾನು, ಕಾಗದದ ಭಾಷೆಯಲ್ಲೇ ಹೇಳ್ತೀನಿ.

2013ರಲ್ಲಿ ಹೋರಾಟ ಮಾಡಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ತಂದ್ವಿ. ಜನಸಂಖ್ಯೆ ಪ್ರಕಾರ ಅಭಿವೃದ್ಧಿ ಹಣದ ಶೇ 24.10 ನಮ್ಮ ಜನಕ್ಕೆ ಖರ್ಚಾಗಬೇಕು. ಬೇರೆ ಕೆಲಸಕ್ಕೆ ಹಣ ತಿರುಗಿಸೋಕೆ ದಾರಿ ಮಾಡಿದ್ದ 7(ಡಿ) ಕಲಂ 2023ರಲ್ಲಿ ತೆಗೆದರು, ಅದೂ ಒತ್ತಡದಿಂದ. ಗ್ಯಾರಂಟಿಗಳಿಗೆ ಈ ಹಣ ಹೋಗೋದರ ಬಗ್ಗೆ ನಾವು ಬೀದಿಗೆ ಇಳಿದಿದ್ದೀವಿ. ಸರಿ. ಆದರೆ ಆ ಹಣದಲ್ಲಿ ಒಬ್ಬ ಕಬಡ್ಡಿ ಕೋಚ್ ಕೊಡ್ರಿ ಅಂತ ನಾವು ಯಾವತ್ತಾದರೂ ಬರೆದು ಕೊಟ್ಟಿದ್ದೀವಾ? ಸಮುದಾಯ ಭವನ ಕೇಳ್ತೀವಿ, ಸಿಸಿ ರಸ್ತೆ ಕೇಳ್ತೀವಿ, ಹೈಮಾಸ್ಟ್ ಲೈಟು ಕೇಳ್ತೀವಿ. ಆ ಲೈಟಿನ ಕೆಳಗೆ ಆಡೋ ಹುಡುಗನಿಗೆ ಕಲಿಸೋನನ್ನ ಕೇಳಿಲ್ಲ. ಇದು ನಮ್ಮ ತಪ್ಪು. ನನ್ನದೂ.

ಅದಕ್ಕೇ ಸೀಸನ್ ಮುಗಿಯೋದರೊಳಗೆ ಮಾಡೋ ಕೆಲಸ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಮೂರೂ ತಾಲ್ಲೂಕಿನಲ್ಲಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ನೆನಪಿರಲಿ, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ.

ಮೊದಲನೇ ಅರ್ಜಿ: ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮಂಜೂರಾದ ದೈಹಿಕ ಶಿಕ್ಷಕರ ಹುದ್ದೆ ಎಷ್ಟು, ತುಂಬಿದ್ದು ಎಷ್ಟು.

ಎರಡನೇದು: ಕ್ರೀಡಾ ಇಲಾಖೆ ಕಳೆದ ಮೂರು ವರ್ಷದಲ್ಲಿ ಈ ತಾಲ್ಲೂಕಿನಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ಎಷ್ಟು, ಯಾವುದಕ್ಕೆ ಖರ್ಚು ಮಾಡಿದೆ.

ಮೂರನೇದು: ಕಬಡ್ಡಿ ಮ್ಯಾಟ್ ತಾಲ್ಲೂಕಿನಲ್ಲಿ ಎಲ್ಲೆಲ್ಲಿ ಇದೆ, ಅದು ಬಿಚ್ಚಿ ಹಾಸಿದೆಯಾ, ಸುತ್ತಿ ಇಟ್ಟಿದೆಯಾ.

ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬುಲ್ಸ್ ಲೀಗ್ ಪಂದ್ಯ ಮುಗಿಸೋ ಮೊದಲೇ ನಮ್ಮ ಕೈಯಲ್ಲಿ ಕಾಗದ ಇರ್ತದೆ. ಉತ್ತರ ಹಿಡ್ಕೊಂಡು ಜಿಲ್ಲಾಧಿಕಾರಿ ಹತ್ತಿರ ಹೋಗೋಣ: ತಾಲ್ಲೂಕಿಗೆ ಒಬ್ಬ ಕೋಚ್, ಹುಡುಗರಿಗೂ ಹುಡುಗಿಯರಿಗೂ, ಸಂಬಳ ಕೊಟ್ಟು, ವರ್ಷವಿಡೀ. ದಸರಾ ಕ್ರೀಡಾಕೂಟದ ಎರಡು ದಿನಕ್ಕೆ ಮಾತ್ರ ಅಲ್ಲ. ಆ ಕೋಚ್ ನಮ್ಮ ಜಾತಿಯವನೇ ಆಗಬೇಕು ಅಂತ ನನ್ನ ಹಟ ಇಲ್ಲ. ನನ್ನ ಪಿ.ಟಿ. ಸರ್ ನಮ್ಮವರಾಗಿರಲಿಲ್ಲ. ನೆಲಕ್ಕೆ ಕೂತು ನಮ್ಮ ಹುಡುಗನ ಕಾಲು ಹಿಡಿಯೋಕೆ ಹಿಂಜರಿಯದವನು ಆಗಿರಬೇಕು, ಅಷ್ಟೇ ಷರತ್ತು.

ಸುಮ್ಮನೆ ಕನಸು ಅನ್ನಬ್ಯಾಡ್ರಿ. ರೈಲ್ವೆ, ಪೊಲೀಸು, ಬ್ಯಾಂಕು, ಎಷ್ಟು ಕಡೆ ಕಬಡ್ಡಿ ಆಡಿ ಕೆಲಸಕ್ಕೆ ಸೇರಿದವರು ಇದ್ದಾರೆ. ಒಬ್ಬ ಹುಡುಗ ಆಟದಿಂದ ಕೆಲಸಕ್ಕೆ ಸೇರಿದರೆ ಒಂದು ಮನೆ ಬಡ್ಡಿ ಸಾಲದಿಂದ ಎದ್ದು ಬರ್ತದೆ. ಹೊರಗೆ ಕೂತವನು ಒಳಗೆ ಬರೋದು ಅಂದ್ರೆ ಇದು.

ಶುಕ್ರವಾರ ರಾತ್ರಿ ನಾನೂ ಮ್ಯಾಚ್ ನೋಡ್ತೀನಿ. ಬ್ಯಾಡಗಿಗೇ ಹೋಗಿ, ಆ ಹುಡುಗರ ಜೊತೆ ಕೂತು. ರಮೇಶ್ ಸರ್ ತಮ್ಮ ಹಳೇ ತಂಡವನ್ನ ಸೋಲಿಸ್ತಾರಾ ನೋಡಬೇಕು. ಹನಮಂತಗೋಳನಿಗೆ ಆಡೋಕೆ ಅವಕಾಶ ಸಿಗ್ತದಾ ನೋಡಬೇಕು. ಗಂಟಲು ಹರಿಯೋ ಹಾಗೆ ಕೂಗ್ತೀನಿ, ಸಂಕೋಚ ಏನಿಲ್ಲ. ಕಿಸೆಯಲ್ಲಿ ಮಾತ್ರ ಮೂರು ಪೋಸ್ಟಲ್ ಆರ್ಡರ್ ಇರ್ತವೆ. ಮ್ಯಾಚ್ ಮುಗಿದ ಮೇಲೆ, ಗೆದ್ದರೂ ಸೋತರೂ, ಅಲ್ಲೇ ಕೂತು ಅರ್ಜಿ ಬರೆಯೋದು. ಮೊದಲನೇ ಸಹಿ ಆ ಮೂಲೆಯ ಹುಡುಗನದು. ಅಕ್ಕನ ಮಗಳನ್ನೂ ಕರ್ಕೊಂಡು ಹೋಗ್ತೀನಿ.

ಹಾವೇರಿ, ರಾಣೇಬೆನ್ನೂರಿನ ಗೆಳೆಯರು ಯಾರು ಯಾರು ಬರ್ತೀರಿ ಅಂತ ಕೆಳಗೆ ಹಾಕ್ರಿ. ಬರೀ ಲೈಕ್ ಒತ್ತಿ ಹೋಗಬ್ಯಾಡ್ರಿ.

ಅಭಿಮಾನ ಬುಲ್ಸ್ ಮೇಲೆ ಇರಲಿ. ಸ್ವಾಭಿಮಾನ ನಮ್ಮ ಓಣಿಯ ಅಂಗಳದಲ್ಲಿ ಇರಲಿ.

ಜೈ ಭೀಮ್.